ಎರಡು ಗಡಿಯಾರದ ಸೆಕ್ರೆಟರಿ ಅಮ್ಮ

ಅವರ ಎರಡು ಕೈಗೂ ಗಡಿಯಾರ ಇರುತ್ತಿತ್ತು. ಎಡಗೈಯಲ್ಲಿ ಯಜಮಾನರು ಬದುಕಿದ್ದಾಗ ಕೊಡಿಸಿದ, ಚಿನ್ನದ ನೀರು ಮಾಸಿದ ಸಣ್ಣ ಗಡಿಯಾರ. ಬಲಗೈಯಲ್ಲಿ ಕೋಲಾರದ ಬಸ್ ಸ್ಟ್ಯಾಂಡಿನ ಪಕ್ಕ ಕೊಂಡ, ಕಪ್ಪು ರಬ್ಬರ್ ಪಟ್ಟಿಯ, ಕಾಲೇಜು ಹುಡುಗರು ಕಟ್ಟುವಂಥ ದೊಡ್ಡ ಗಡಿಯಾರ. ಹಾಲು ಅಳೆಯಲು ಸೆರಗು ಸಿಕ್ಕಿಸಿಕೊಂಡು ಎರಡೂ ಕೈ ಮುಂದೆ ಚಾಚಿದರೆ ಎಡಗೈಯಲ್ಲಿ ಸಂಜೆ ಆರು ಗಂಟೆ, ಬಲಗೈಯಲ್ಲಿ ಹನ್ನೆರಡೂವರೆ.

ಮದುವೆಯಾಗಿ ಲಕ್ಕೂರಿನ ಕಡೆಯಿಂದ ಈ ಊರಿಗೆ ಬಂದ ಮೊದಲ ವಾರ. ಕ್ಯಾಲನೂರಿನಿಂದ ಒಳಗೆ ಸ್ವಲ್ಪ ದೂರದಲ್ಲಿರುವ ನಮ್ಮ ಊರಿನ ಡೈರಿಯಲ್ಲಿ, ಅತ್ತೆಯ ಎರಡು ಹಸುಗಳ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹೊಸ ಸೊಸೆ ಬಾಯಿ ಬಿಡಬಾರದು ಎಂದು ಗೊತ್ತಿದ್ದರೂ ತಡೆಯಲಾಗಲಿಲ್ಲ.

"ಅಮ್ಮ, ನಿಮ್ಮ ಬಲಗೈ ವಾಚು ತಪ್ಪು ತೋರಿಸ್ತಾ ಇದೆ" ಅಂದೆ.

ಸಾಲಿಗೆ ಸಾಲೇ ನಕ್ಕಿತು. ಅವರು ಮಾತ್ರ ನಗಲಿಲ್ಲ. ಬಲಗೈಯನ್ನು ಬಲ್ಬಿನ ಬೆಳಕಿಗೆ ತಿರುಗಿಸಿ ನೋಡಿ, "ತಪ್ಪಲ್ಲ ಕಣಮ್ಮ. ಇದು ನಮ್ಮನೆ ಡಬ್ಬದ ಟೈಮು" ಅಂದರು. ಆಮೇಲೆ ನನ್ನ ಕ್ಯಾನಿನ ಮುಚ್ಚಳ ತೆಗೆದು, "ಬಂದ ವಾರಕ್ಕೇ ಇದನ್ನ ನೋಡ್ಬಿಟ್ಟೆ. ಯಾವ ಊರಮ್ಮಾಯಿ?" ಎಂದು ಕೇಳಿದರು.

ಅವರು ನಮ್ಮ ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಊರಿನ ಹಿರಿಯರಿಗೂ ಕಿರಿಯರಿಗೂ ಅವರು ಸೆಕ್ರೆಟರಿ ಅಮ್ಮ. ಹುಟ್ಟಿದ್ದು ಶ್ರೀನಿವಾಸಪುರದ ಆಚೆ, ತೆಲುಗು ಮನೆಮಾತಿನ ಊರಿನಲ್ಲಿ. ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದರೂ ಹುಡುಗಿಯರನ್ನು ಅಮ್ಮಾಯಿ ಅನ್ನುವರು, ಎಣಿಸುವಾಗ ಪೂರ್ತಿ ತೆಲುಗಿಗೆ ಹೋಗುತ್ತಿದ್ದರು. "ಒಕಟಿ, ರೆಂಡು, ಮೂಡು" ಎಂದು ಕ್ಯಾನುಗಳನ್ನು ಲಾರಿಗೆ ಏರಿಸುವ ದನಿ ಬೆಳಗ್ಗೆ ನಮ್ಮ ಕೊಟ್ಟಿಗೆಯವರೆಗೂ ಕೇಳಿಸುತ್ತಿತ್ತು. ಯಾವುದೇ ಹೊಸ ಕೆಲಸಕ್ಕೆ ಕೈ ಹಾಕುವ ಮೊದಲು "ಸರೇ, ಕಾನೀ" ಅನ್ನುವರು. ಆಗಲಿ, ನಡೀಲಿ ಎಂದು ಅರ್ಥ. ಅವರ ಬಾಯಿಂದ ಆ ಮಾತು ಬಂತೆಂದರೆ ಇನ್ನು ಅದನ್ನು ಯಾರೂ ನಿಲ್ಲಿಸಲಾಗದು ಎಂಬುದು ಊರಿಗೆಲ್ಲ ತಿಳಿದಿತ್ತು.

ಹಾಲಿಗೆ ನೀರು ಬೆರೆಸಿ ತಂದವರನ್ನು ಅವರು ಬೈದಿದ್ದು ನಾನು ಒಮ್ಮೆಯೂ ನೋಡಲಿಲ್ಲ. ಟೆಸ್ಟ್ ಮೆಷಿನ್ನಿನಲ್ಲಿ ಹಾಲಿನ ಕೊಬ್ಬಿನ ಅಂಕಿ, ನಾಲ್ಕರ ಆಸುಪಾಸಿನಲ್ಲಿ ಇರಬೇಕಾದ ಫ್ಯಾಟ್, ನೋಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಬಹಳ ಕಾಳಜಿಯಿಂದ ಕೇಳುವರು: "ಯಾಕೆ ಗೌಡ್ರೇ, ನಿನ್ನೆ ನಿಮ್ಮ ಹಸು ಮಳೇಲಿ ನೆಂದ್ಬಿಟ್ಟಿತ್ತಾ?" ಏಪ್ರಿಲ್ ತಿಂಗಳ ಬಿಸಿಲು ಹೊರಗೆ ಉರಿಯುತ್ತಿರುತ್ತಿತ್ತು. ಮರುದಿನ ಆ ಮನೆಯ ಹಾಲು ಗಟ್ಟಿಯಾಗಿರುತ್ತಿತ್ತು.

ಡಬ್ಬದ ಕತೆಯನ್ನು ನನಗೆ ಹೇಳಿದವರು ಅತ್ತೆ. ನಾನು ಬರುವುದಕ್ಕೆ ಒಂದು ವರ್ಷ ಮುಂಚೆ ಸೆಕ್ರೆಟರಿ ಅಮ್ಮ ತಮ್ಮ ಮನೆಯ ಡಿಶ್ಶಿಗೆ ತಿಂಗಳ ರೀಚಾರ್ಜ್ ಹಾಕಿಸುವುದನ್ನು ನಿಲ್ಲಿಸಿಬಿಟ್ಟರಂತೆ. ಹಣದ ತೊಂದರೆ ಇರಲಿಲ್ಲ. ಅವರ ಸಿಟ್ಟು ಬೇರೆಯದೇ ಆಗಿತ್ತು. ಊರಿನ ಹೆಂಗಸರೆಲ್ಲ ಇಷ್ಟಪಡುವ ಕಾರ್ಯಕ್ರಮಗಳು ಬರುವುದು ಸಂಜೆ ಐದೂವರೆಯಿಂದ ಏಳರೊಳಗೆ. ಹಸು ಹಾಲು ಕೊಡುವುದೂ ಡೈರಿ ತೆರೆಯುವುದೂ ಅದೇ ಹೊತ್ತಿಗೆ. ತಿಂಗಳು ತಿಂಗಳು ದುಡ್ಡು ಕಟ್ಟಿದರೂ ಊರಿನ ಒಬ್ಬ ಹೆಂಗಸೂ ಒಂದು ಕಾರ್ಯಕ್ರಮವನ್ನು ಮೊದಲಿಂದ ಕೊನೆಯವರೆಗೆ ನೋಡಿರಲಿಲ್ಲ.

"ಅವ್ರು ಹೇಳಿದ ಹೊತ್ತಿಗೆ ನಾವು ಕೂರೋದು ಅಂದ್ರೇನು? ನಾವು ಕೂತಾಗ ಅವ್ರು ಹೇಳ್ಬೇಕು" ಅಂದವರೇ ಕೋಲಾರಕ್ಕೆ ಹೋಗಿ, ತಿಂಗಳ ಬಾಡಿಗೆಯೇ ಇಲ್ಲದ ಒಂದು ಡಿಶ್ ಮತ್ತು ಅದರ ಡಬ್ಬ ತಂದರು. ಒಂದು ಸಲ ಕೊಂಡರೆ ಮುಗಿಯಿತು, ಬಿಟ್ಟಿ ಬರುವ ಚಾನೆಲ್ಲುಗಳಷ್ಟೂ ಬರುತ್ತವೆ. ಅಂಗಡಿಯವನು ಡಬ್ಬವನ್ನು ಕಾಗದದಲ್ಲಿ ಸುತ್ತುತ್ತ, "ಮುಂದ್ಗಡೆ ಒಂದು ತೂತೈತೆ, ಪೆನ್ ಡ್ರೈವ್ ಹಾಕಿದ್ರೆ ರೆಕಾರ್ಡೂ ಆಗುತ್ತೆ, ಆದ್ರೆ ಅದನ್ನ ಯಾರೂ ಮಾಡಲ್ಲ" ಅಂದನಂತೆ. ಬಾಗಿಲು ದಾಟಿದ್ದ ಇವರು ಹಿಂದಕ್ಕೆ ಬಂದು, "ಏನಪ್ಪಾ ಅಂದೆ? ಇನ್ನೊಂದ್ಸಲ ಹೇಳು" ಎಂದು ಸ್ಟೂಲ್ ಎಳೆದುಕೊಂಡು ಕೂತರಂತೆ. ಕ್ಯಾಲನೂರಿನ ಬಸ್ಸು ಎರಡು ಹೋದ ಮೇಲೆ ಎದ್ದರಂತೆ.

ಮನೆಗೆ ಬಂದು, ರಿಮೋಟಿನ ಗುಂಡಿ ಒತ್ತಿ ಒತ್ತಿ, ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ಸಂಜೆ ಆರು ಗಂಟೆಯ ಧಾರಾವಾಹಿಗೆ ಟೈಮು ಕೂರಿಸಿ ಡೈರಿಗೆ ಹೋದರು. ಮರುದಿನ ಮಧ್ಯಾಹ್ನ ಹತ್ತು ಹನ್ನೆರಡು ಹೆಂಗಸರು ಅವರ ನಡುಮನೆಯಲ್ಲಿ ಸೇರಿದರು. ಹಾಕಿ ನೋಡಿದರೆ ಧಾರಾವಾಹಿಯೇ ಇಲ್ಲ. ಒಬ್ಬ ವಯಸ್ಸಾದ ಹೆಂಗಸು ಕಣ್ಣು ಮುಚ್ಚಿಕೊಂಡು ವೀಣೆ ನುಡಿಸುತ್ತಿದ್ದಾರೆ. ಒಂದು ಗಂಟೆ ಬರೀ ವೀಣೆ. ಅರ್ಧಕ್ಕರ್ಧ ಜನ ಎದ್ದುಹೋದರು. ಉಳಿದವರು, ಬಂದದ್ದಾಯಿತಲ್ಲ ಎಂದು ಅವರೆಕಾಯಿ ಬಿಡಿಸುತ್ತ ಕೇಳಿದರು. ನಮ್ಮ ಅತ್ತೆ ಉಳಿದವರಲ್ಲಿ ಒಬ್ಬರು. "ಅಂಥದ್ದು ನಾನು ಜನ್ಮದಲ್ಲೇ ಕೇಳಿರ್ಲಿಲ್ಲ. ಅವತ್ತು ಬಿಡಿಸಿದ ಕಾಳು ಎಷ್ಟು ಅಂತೀಯ!" ಎಂದು ನನಗೆ ಹೇಳುವಾಗಲೂ ಅವರ ಮುಖ ಅರಳಿತ್ತು.

ಮೂರು ದಿನ ಹೀಗೆ ಏನೇನೋ ರೆಕಾರ್ಡ್ ಆಯಿತು. ನಾಲ್ಕನೆಯ ದಿನ ಸೆಕ್ರೆಟರಿ ಅಮ್ಮ ಡಬ್ಬದ ಎದುರು ಕೂತು ಪರದೆಯ ಮೂಲೆಯಲ್ಲಿ ಕಾಣುವ ಗಂಟೆಯನ್ನು ತಮ್ಮ ಗಡಿಯಾರದ ಜೊತೆ ಹೋಲಿಸಿದರು. ಡಬ್ಬ ಐದೂವರೆ ಗಂಟೆ ಹಿಂದಿತ್ತು. ಯಾವುದೋ ಬೇರೆ ದೇಶದ ಗಂಟೆಯನ್ನೇ ಅದು ನಂಬಿಕೊಂಡು ಕೂತಿತ್ತು. ಇವರು ಆರು ಗಂಟೆ ಅಂದರೆ ಅದಕ್ಕೆ ಅದು ನಮ್ಮ ರಾತ್ರಿ ಹನ್ನೊಂದೂವರೆ. ಬೇರೆ ಯಾರಾದರೂ ಆಗಿದ್ದರೆ ಡಬ್ಬವನ್ನು ಅಂಗಡಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಇವರು ಕೋಲಾರಕ್ಕೆ ಹೋಗಿ ಎರಡನೆಯ ಗಡಿಯಾರ ಕೊಂಡು, ಡಬ್ಬದ ಗಂಟೆಗೆ ಹೊಂದಿಸಿ ಬಲಗೈಗೆ ಕಟ್ಟಿಕೊಂಡರು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ.

ನನಗೆ ಅಷ್ಟಿಷ್ಟು ಇಂಗ್ಲಿಷ್ ಓದಲು ಬರುತ್ತಿತ್ತು. ಪರಿಚಯ ಬೆಳೆದ ಮೇಲೆ ಒಂದು ದಿನ ರಿಮೋಟ್ ತೆಗೆದುಕೊಂಡು ಹುಡುಕಿದೆ. ದೇಶದ ಟೈಮು ಬದಲಾಯಿಸುವ ಜಾಗ ಎರಡೇ ನಿಮಿಷದಲ್ಲಿ ಸಿಕ್ಕಿತು. "ಅಮ್ಮ, ಇಲ್ಲಿ ಒತ್ತಿದ್ರೆ ಸರಿಹೋಗುತ್ತೆ, ಒತ್ಲಾ?" ಅಂದೆ.

ಅವರು ರಿಮೋಟಿನ ಮೇಲೆ ಕೈ ಅಡ್ಡ ಇಟ್ಟರು. "ಬ್ಯಾಡ ಬಿಡು. ಅದೂ ನನಗೆ ಒಗ್ಗಿದೆ, ನಾನೂ ಅದಕ್ಕೆ ಒಗ್ಗಿದ್ದೀನಿ. ಈಗ ಬದಲಾಯಿಸಿದ್ರೆ ಇಬ್ರಿಗೂ ತಲೆ ಕೆಡುತ್ತೆ."

ಅದೇ ದಿನ ಅವರು ನನ್ನನ್ನು ಕೇಳಿದ್ದು: "ಇಷ್ಟು ಓದೋಕೆ ಬರುತ್ತಲ್ಲಮ್ಮಾಯಿ, ಎಷ್ಟನೇ ಕ್ಲಾಸು ನೀನು?"

ಆ ಪ್ರಶ್ನೆಯಿಂದ ನಾನು ಯಾವಾಗಲೂ ತಪ್ಪಿಸಿಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲ ಫೇಲಾದ ಮೇಲೆ ಅಪ್ಪ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಲಕ್ಕೂರಿನ ಹತ್ತಿರದ ಕಾರ್ಖಾನೆಗೆ ಹೋಗುವ ವ್ಯಾನಿಗೆ ನನ್ನನ್ನು ಹತ್ತಿಸಿದರು. ಅಲ್ಲಿ ನಾಲ್ಕು ವರ್ಷ ಡಬ್ಬಿಗಳಿಗೆ ಚೀಟಿ ಅಂಟಿಸಿದೆ. ಮದುವೆಯ ಮಾತುಕತೆಯಲ್ಲಿ "ಹುಡುಗಿ ಎಸ್ಸೆಸ್ಸೆಲ್ಸಿವರೆಗೆ" ಅಂದರು. ವರೆಗೆ ಎಂಬ ಆ ಒಂದು ಮಾತಿನ ಹಿಂದೆ ನಾನು ಅಡಗಿಕೊಂಡಿದ್ದೆ. ಅಂದು ಅವರ ನಡುಮನೆಯಲ್ಲಿ, ಯಾಕೋ ಗೊತ್ತಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ.

ಅವರು ಅಯ್ಯೋ ಪಾಪ ಅನ್ನಲಿಲ್ಲ. "ಒಂದೇ ಸಬ್ಜೆಕ್ಟಾ?" ಅಂದರು. "ಒಂದೇ" ಅಂದೆ. ರಿಮೋಟ್ ಇಸಿದುಕೊಂಡು ಚಾನೆಲ್ಲುಗಳನ್ನು ಕೆಳಗೆ ಕೆಳಗೆ ಇಳಿಸುತ್ತ ಹೋದರು. ಯಾರೂ ನೋಡದ, ಪಟ್ಟಿಯ ಕೊನೆಯ ಕಡೆಗೆ ಇರುವ ಒಂದು ಬಿಟ್ಟಿ ಚಾನೆಲ್ಲಿನಲ್ಲಿ ನಿಲ್ಲಿಸಿದರು. ಹಸಿರು ಹಲಗೆಯ ಮುಂದೆ ಒಬ್ಬ ಮೇಷ್ಟ್ರು ನಿಂತಿದ್ದರು.

"ಇವ್ನು ದಿನಾ ಸಂಜೆ ಐದರಿಂದ ಆರರವರೆಗೆ ಹತ್ತನೇ ಕ್ಲಾಸಿನ ಲೆಕ್ಕ ಹೇಳ್ಕೊಡ್ತಾನೆ. ಕನ್ನಡದಲ್ಲೇ. ಚಾನೆಲ್ ತಿರುಗಿಸ್ವಾಗ ನೋಡಿದೀನಿ."

"ಐದು ಗಂಟೆಗೆ ನಾನು ಹಸು ಕೆಳಗೆ ಕೂತಿರ್ತೀನಮ್ಮ."

ಅವರು ಬಲಗೈ ಗಡಿಯಾರ ನೋಡಿಕೊಂಡು, "ಅಂದ್ರೆ ಡಬ್ಬಕ್ಕೆ ಹನ್ನೊಂದೂವರೆ. ಸರೇ, ಕಾನೀ" ಅಂದರು. ಅಲ್ಲಿಗೆ ನನ್ನ ಓದು ಮತ್ತೆ ಶುರುವಾಯಿತು.

ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂಬ ಹೆದರಿಕೆ ನನಗಿತ್ತು. ಗಂಡನಿಗೆ ಕಾರ್ಖಾನೆಯ ಪಾಳಿ ಕೆಲಸ, ಅವರು ಹೂಂ ಅಂದಿದ್ದರು. ಆದರೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಸೊಸೆ ಬೇರೆಯವರ ಮನೆಯಲ್ಲಿ ಟಿವಿ ಮುಂದೆ ಕೂರುವುದೆಂದರೆ? ಸೆಕ್ರೆಟರಿ ಅಮ್ಮ ಇದನ್ನು ಬಗೆಹರಿಸಿದ ರೀತಿ ಅವರಿಗೆ ಮಾತ್ರ ಹೊಳೆಯುವಂಥದ್ದು. ಮಧ್ಯಾಹ್ನ ಧಾರಾವಾಹಿ ನೋಡಲು ಬರುವ ಹೆಂಗಸರಿಗೆಲ್ಲ ಹೊಸ ಕಾನೂನು ಹೊರಡಿಸಿದರು: ಮೊದಲು ಪಾಠ, ಆಮೇಲೆ ಧಾರಾವಾಹಿ. ಮಧ್ಯದಲ್ಲಿ ಬರುವಂತಿಲ್ಲ, ಬಂದವರು ಎದ್ದು ಹೋಗುವಂತಿಲ್ಲ.

ಹೀಗಾಗಿ ಒಂದು ವರ್ಷ ನಮ್ಮ ಊರಿನ ಹತ್ತು ಹನ್ನೆರಡು ಹೆಂಗಸರು, ತಿಳಿದರೂ ತಿಳಿಯದಿದ್ದರೂ, ಹತ್ತನೆಯ ಕ್ಲಾಸಿನ ಗಣಿತ ಕೇಳಿದರು. ಒಬ್ಬರು ರಾಗಿ ಹಸನು ಮಾಡುತ್ತಿದ್ದರು, ಒಬ್ಬರು ಹೂ ಕಟ್ಟುತ್ತಿದ್ದರು. ನಾನು ನೋಟ್ ಪುಸ್ತಕ ಹಿಡಿದು ಎಲ್ಲರಿಗಿಂತ ಮುಂದೆ. ನನ್ನ ಪಕ್ಕದಲ್ಲಿ ರಿಮೋಟ್ ಹಿಡಿದ ಸೆಕ್ರೆಟರಿ ಅಮ್ಮ. ನನ್ನ ಪೆನ್ನು ನಿಂತರೆ ಅವರು ಮೇಷ್ಟ್ರನ್ನು ನಿಲ್ಲಿಸುವರು. ನಾನು ತಲೆ ಕೆರೆದುಕೊಂಡರೆ ಹಿಂದಕ್ಕೆ ಓಡಿಸುವರು. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹತ್ತದೆ ಹೋದದ್ದು ಯಾಕೆಂದು ಆಗ ತಿಳಿಯಿತು. ನನಗೆ ಎರಡು ಸಲ ಕೇಳಬೇಕಿತ್ತು, ಅಷ್ಟೇ. ನಲವತ್ತು ಮಕ್ಕಳ ತರಗತಿಯಲ್ಲಿ ಇನ್ನೊಂದು ಸಲ ಹೇಳಿ ಸಾರ್ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಈ ಮೇಷ್ಟ್ರು ಏಳು ಸಲ ಹಿಂದಕ್ಕೆ ಓಡಿಸಿದರೂ ಮುಖ ಗಂಟು ಹಾಕುತ್ತಿರಲಿಲ್ಲ.

ಅತ್ತೆಗೆ ಬೀಜಗಣಿತದ ಮೇಲೆ ಬಲವಾದ ಅಭಿಪ್ರಾಯಗಳು ಹುಟ್ಟಿಕೊಂಡವು. "ಈ ಮೇಷ್ಟ್ರು ದಿನಾ ಆ ಎಕ್ಸು ಎಲ್ಲೋಯ್ತು ಅಂತ ಹುಡುಕ್ತಾನೆ. ನಿನ್ನೆ ಸಿಕ್ಕಿತ್ತಲ್ಲ, ಜೋಪಾನವಾಗಿ ಇಟ್ಕೋಬಾರ್ದಾ?" ಎಂದು ಒಂದು ದಿನ ಬಹಳ ನೊಂದುಕೊಂಡು ಕೇಳಿದರು. ಪಕ್ಕದ ಬೀದಿಯ ಹೆಂಗಸೊಬ್ಬರು, ಹೊಸದಾಗಿ ಬಂದಿದ್ದ ತಮ್ಮ ಎರಡನೆಯ ಸೊಸೆಯ ಬಗ್ಗೆ ಯಾರಾದರೂ ಕೇಳಿದರೆ, "ಅವ್ಳು ಇನ್ನೂ ಎಕ್ಸು ಕಣೇ, ಬೆಲೆ ಗೊತ್ತಾಗಿಲ್ಲ" ಅನ್ನುತ್ತಿದ್ದರು. ಅತ್ತೆ ಸಂಜೆ ಹುಲ್ಲಿನ ಹೊರೆ ಇಳಿಸುವಾಗ, "ಇವತ್ತಿಂದು ತಿಳೀತಾ? ನಂಗೆ ಆ ಕೊನೇದು ತಿಳೀಲಿಲ್ಲ" ಎಂದು ನನ್ನನ್ನು ಕೇಳತೊಡಗಿದ ದಿನ ನನ್ನ ಹೆದರಿಕೆ ಹೋಯಿತು.

ಎಲ್ಲವೂ ನಗೆಯಲ್ಲೇ ನಡೆಯಿತು ಅಂತಲೂ ಅಲ್ಲ. ಪೆನ್ ಡ್ರೈವಿನಲ್ಲಿ ಜಾಗ ಕಡಿಮೆ. ತುಂಬಿದಾಗ ಹಳೆಯದನ್ನು ಅಳಿಸಬೇಕು. ಧಾರಾವಾಹಿಯ ನಾಯಕಿಯ ಮದುವೆ ಬಂತು. ಮೂರು ದಿನದ ಮದುವೆ, ದಿನಕ್ಕೊಂದು ಗಂಟೆ. ಹೆಂಗಸರೆಲ್ಲ ತಿಂಗಳಿಂದ ಕಾಯುತ್ತಿದ್ದರು. ಅದನ್ನು ಹಿಡಿಯಬೇಕೆಂದರೆ ಪಾಠಗಳಲ್ಲಿ ಮೂರನ್ನಾದರೂ ಅಳಿಸಬೇಕಿತ್ತು. "ನೋಡಿ ಆಗಿರೋ ಪಾಠ ತಾನೇ, ಅಳಿಸಿ" ಎಂದು ಎಲ್ಲರದೂ ಒಂದೇ ಮಾತು. ನನ್ನ ಅತ್ತೆಯದೂ.

ಸೆಕ್ರೆಟರಿ ಅಮ್ಮ ಪಾಠಗಳ ಪಟ್ಟಿಯನ್ನು ಒಂದೊಂದಾಗಿ ತೋರಿಸುತ್ತ, "ಇದು ಬಂತಾ ನಿಂಗೆ?" ಎಂದು ಎಲ್ಲರ ಎದುರು ನನ್ನನ್ನು ಕೇಳಿದರು. ಬಂತು ಎಂದರೆ ಊರು ಸಂತೋಷಪಡುತ್ತಿತ್ತು. ನಾನು ತಲೆ ತಗ್ಗಿಸಿ, "ಪೂರ್ತಿ ಬಂದಿಲ್ಲಮ್ಮ" ಅಂದೆ. ಒಂದನ್ನೂ ಅಳಿಸಲಿಲ್ಲ. ಮದುವೆ ನಮ್ಮನ್ನು ಬಿಟ್ಟು ನಡೆದುಹೋಯಿತು. ಅದರ ಸಿಟ್ಟಿಗೆ ಪಕ್ಕದ ಬೀದಿಯ ಆ ಹೆಂಗಸು ಒಂದು ವಾರ ಸೆಕ್ರೆಟರಿ ಅಮ್ಮನ ಜೊತೆ ಮಾತು ಬಿಟ್ಟರು. ಹಾಲು ಹಾಕುವಾಗ ಮುಖ ಆಚೆ ತಿರುಗಿಸಿಕೊಂಡೇ ಹಾಕುತ್ತಿದ್ದರು. ಎಂಟನೆಯ ದಿನ ಒಂದು ಹೊಸ ಪೆನ್ ಡ್ರೈವನ್ನು ಸೆರಗಿನಿಂದ ತೆಗೆದು ಕ್ಯಾನಿನ ಪಕ್ಕ ಇಟ್ಟು, "ಮಗನ ಕೈಲಿ ತರಿಸ್ದೆ. ಇದು ದೊಡ್ಡದಂತೆ. ಇನ್ನು ಯಾರ ಮದುವೇನೂ ತಪ್ಪಬಾರ್ದು" ಅಂದರು. ಸೆಕ್ರೆಟರಿ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡರು.

ಪರೀಕ್ಷೆಗೆ ಹತ್ತು ದಿನ ಇರುವಾಗ ಚಾನೆಲ್ಲಿನಲ್ಲಿ ಒಂದು ಸುದ್ದಿ ಬಂತು. ಮುಂದಿನ ಮೂರು ಸಂಜೆ ಇಡೀ ವರ್ಷದ ಪಾಠಗಳನ್ನು ಮತ್ತೆ ಹೇಳುತ್ತಾರೆ, ಯಾವ ಲೆಕ್ಕ ಹೇಗೆ ಬರಬಹುದು ಎಂದು ತೋರಿಸುತ್ತಾರೆ. ನಾನು ಕಾಯುತ್ತಿದ್ದದ್ದೇ ಅದಕ್ಕೆ. ಅದೇ ದಿನ ಲೈನ್‌ಮ್ಯಾನ್ ಬಂದು ಊರಿಗೆ ಹೇಳಿಹೋದ: ತಂತಿ ಬದಲಾಯಿಸುವ ಕೆಲಸ ಇದೆ, ಮೂರು ದಿನ ನಾಲ್ಕರಿಂದ ಏಳರವರೆಗೆ ಕರೆಂಟ್ ಇರುವುದಿಲ್ಲ.

ಡೈರಿಯಲ್ಲಿ ಟೆಸ್ಟ್ ಮೆಷಿನ್ನಿಗೆಂದು ಬ್ಯಾಟರಿ ಇತ್ತು. ನಾನು ಅದರ ಕಡೆ ನೋಡಿದ್ದನ್ನು ಅವರು ನೋಡಿದರು. "ಅದು ಊರಿನ ಹಾಲಿಂದು. ಮುಟ್ಟಲ್ಲ" ಅಂದರು, ಬಹಳ ಮೆತ್ತಗೆ. ಕ್ಯಾನುಗಳನ್ನು ಲಾರಿಗೇರಿಸಿ, ಕೈತೊಳೆದು, ನೆಟ್ಟಗೆ ರೇಷ್ಮೆ ಮನೆಯವರ ಹತ್ತಿರ ಹೋದರು. ಊರ ಹೊರಗೆ ಹಿಪ್ಪುನೇರಳೆ ತೋಟದ ಪಕ್ಕ ಹುಳು ಸಾಕುವ ದೊಡ್ಡ ಮನೆ ಕಟ್ಟಿಸಿದ್ದ ರೈತರು ಅವರು. ಹುಳುವಿಗೆ ಶಾಖ ಹೆಚ್ಚು ಕಡಿಮೆ ಆಗಬಾರದೆಂದು ಫ್ಯಾನಿಗೆ ಇನ್ವರ್ಟರ್ ಇಟ್ಟುಕೊಂಡಿದ್ದರು. ಆ ವಾರ ಗೂಡೆಲ್ಲ ಮಾರಿ ಮನೆ ಖಾಲಿ ಇತ್ತು.

"ಪರೀಕ್ಷೆ ಬರಿಯೋದು ಈ ಅಮ್ಮಾಯಿ, ಕರೆಂಟು ನಿಮ್ದು. ಕೊಡ್ತೀರೇನಪ್ಪಾ?" ಎಂದು ಕೇಳಿದರು. ರೈತರು ನಕ್ಕು, "ಹುಳುಗೆ ಕೊಟ್ಟಿದ್ದು ಮನುಷ್ಯರಿಗೆ ಕೊಡಲ್ವಾ, ತಗೊಂಡು ಬನ್ನಿ" ಅಂದರು.

ಡಬ್ಬ, ಟಿವಿ ಸುಲಭ. ಡಿಶ್ಶೇ ಕಷ್ಟ. ಅದು ಆಕಾಶದಲ್ಲಿ ಒಂದೇ ಜಾಗಕ್ಕೆ ಮುಖ ಮಾಡಿರಬೇಕು, ಒಂದು ಬೆರಳಿನಷ್ಟು ಸರಿದರೂ ಪರದೆ ಖಾಲಿ. ಕೂರಿಸುವವರನ್ನು ಕೋಲಾರದಿಂದ ಕರೆಸಲು ಹೊತ್ತಿರಲಿಲ್ಲ. ಬಿಚ್ಚುವ ಮೊದಲು ಸೆಕ್ರೆಟರಿ ಅಮ್ಮ ತಮ್ಮ ಮಾಳಿಗೆಯ ಮೇಲೆ ಡಿಶ್ಶಿನ ಹಿಂದೆ ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ, ಅದರ ಕಡ್ಡಿಯ ನೇರಕ್ಕೆ ನೋಡಿದರು. ದೂರದಲ್ಲಿ ಕೋಲಾರದ ಬೆಟ್ಟದ ಸಾಲು ಕಾಣುತ್ತಿತ್ತು. "ಎರಡು ಗುಡ್ಡದ ಮಧ್ಯೆ ತಗ್ಗು ಐತಲ್ಲ, ಅದ್ರ ಎಡಕ್ಕೆ. ನೆನಪಿಟ್ಕೋ" ಅಂದರು. ಹಿಂದಿನ ಕಾಲು ಎಷ್ಟು ಬಾಗಿದೆ ಎಂದು ದಾರದಲ್ಲಿ ಅಳೆದು ಗಂಟು ಹಾಕಿಕೊಂಡರು.

ಮಧ್ಯಾಹ್ನದ ಬಿಸಿಲಿನಲ್ಲಿ ನಾವು ಆರು ಹೆಂಗಸರು ಆ ಡಿಶ್ಶನ್ನು ಮದುವಣಗಿತ್ತಿಯ ಹಾಗೆ ಸುತ್ತುವರಿದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಹೊತ್ತುಕೊಂಡು ನಡೆದೆವು. ರೇಷ್ಮೆ ಮನೆಯ ಮಾಳಿಗೆಗೆ ಏರಿಸಿ, ಇಟ್ಟಿಗೆ ಒಡ್ಡಿ ನಿಲ್ಲಿಸಿದೆವು. ಕೆಳಗೆ ಟಿವಿ ಮುಂದೆ ಅತ್ತೆ, ಕಿಟಕಿಯ ಹತ್ತಿರ ಪಕ್ಕದ ಬೀದಿಯವರು, ಅಂಗಳದಲ್ಲಿ ಒಬ್ಬರು, ಏಣಿಯ ಮೇಲೆ ನಾನು. ಮಾಳಿಗೆಯ ಮೇಲಿಂದ ಪ್ರಶ್ನೆ ಇಳಿಯುತ್ತಿತ್ತು, ಕೆಳಗಿನಿಂದ ಉತ್ತರ ಬಾಯಿಂದ ಬಾಯಿಗೆ ಹತ್ತುತ್ತಿತ್ತು.

"ಬಂತಾ?"

"ಇಲ್ಲ!"

"ಈಗ?"

"ಬಂತು ಬಂತು! ಅಯ್ಯೋ ಹೋಯ್ತು!"

"ಯಾಕೆ ಹೋಯ್ತು?"

"ನೀವು ಮುಟ್ಟಿದ್ದಕ್ಕೆ!"

ಒಂದು ಗಂಟೆ ಹೀಗೆ. ಸೆಕ್ರೆಟರಿ ಅಮ್ಮ ಬೆವರು ಒರೆಸಿಕೊಂಡು ಬೆಟ್ಟದ ತಗ್ಗನ್ನು ನೋಡುವರು, ದಾರದ ಗಂಟನ್ನು ನೋಡುವರು, ಡಿಶ್ಶನ್ನು ಸ್ವಲ್ಪವೇ ತಳ್ಳುವರು. ಕೊನೆಗೆ ಕೆಳಗಿನಿಂದ ಅತ್ತೆ ಕೂಗಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಮೇಷ್ಟ್ರು ಬಂದ್ರು! ಮೇಷ್ಟ್ರು ಬಂದ್ರು! ಯಾರೂ ಮುಟ್ಬೇಡಿ, ಯಾರೂ ಉಸಿರಾಡ್ಬೇಡಿ!"

ಆ ಮೂರು ಸಂಜೆಯೂ ಊರಿನಲ್ಲಿ ಕರೆಂಟ್ ಇರಲಿಲ್ಲ. ನಾನು ಹಾಲು ಕರೆಯುತ್ತಿದ್ದೆ, ಅವರು ಹಾಲು ಅಳೆಯುತ್ತಿದ್ದರು, ಹುಳುವಿಲ್ಲದ ರೇಷ್ಮೆ ಮನೆಯಲ್ಲಿ ಡಬ್ಬ ಒಂದೇ ಕೂತು ಪಾಠ ಬರೆದುಕೊಳ್ಳುತ್ತಿತ್ತು.

ಪರೀಕ್ಷೆಯನ್ನು ಕೋಲಾರದಲ್ಲಿ ಬರೆದೆ. ನನ್ನ ಸುತ್ತ ಕೂತವರೆಲ್ಲ ನನಗಿಂತ ಏಳೆಂಟು ವರ್ಷ ಚಿಕ್ಕ ಮಕ್ಕಳು. ಒಬ್ಬಳು ನನ್ನನ್ನು ಮೇಡಂ ಅಂದುಕೊಂಡು ಎದ್ದು ನಿಂತಳು. ಫಲಿತಾಂಶ ಬಂದ ದಿನ ಗಂಡ ಕಾರ್ಖಾನೆಯಿಂದ ಫೋನ್ ಮಾಡಿದಾಗ ಸಂಜೆ ಆರಾಗಿತ್ತು, ನಾನು ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿದ್ದೆ. ನನ್ನ ಮುಖ ನೋಡಿ ಸೆಕ್ರೆಟರಿ ಅಮ್ಮ ಅಳತೆಯ ಪಾತ್ರೆಯನ್ನು ಕೆಳಗಿಟ್ಟರು.

"ಎಷ್ಟಮ್ಮಾ?"

"ಐವತ್ತೆಂಟು."

ಸಾಲಿನ ಹಿಂದಿನಿಂದ ಒಬ್ಬ ಮುದುಕರು ಗಾಬರಿಯಾಗಿ, "ಅಬ್ಬಬ್ಬಾ, ಐವತ್ತೆಂಟು ಫ್ಯಾಟಾ? ಯಾರ್ ಹಸು ಅದು?" ಎಂದು ಕೂಗಿದರು. ಆ ಡೈರಿಯಲ್ಲಿ ಅಂಥ ನಗು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಅತ್ತೆ ನಗುತ್ತ ನಗುತ್ತ ಅತ್ತುಬಿಟ್ಟರು. ನಾನೂ.

ನಗು ಇಳಿದ ಮೇಲೆ ಸೆಕ್ರೆಟರಿ ಅಮ್ಮ ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. "ಒಂದು ಅರ್ಜಿ ಬರಿ. ಬರೋ ಆಷಾಢಕ್ಕೆ ನಾನು ಬಿಡ್ಬೇಕು, ವಯಸ್ಸಾಯ್ತು. ನಾನು ಸೇರ್ದಾಗ ಏಳನೇ ಕ್ಲಾಸು ಸಾಕಿತ್ತು, ಈಗ ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು. ಈ ಊರಲ್ಲಿ ಪಾಸಾಗಿ ಮನೇಲಿರೋ ಹೆಂಗಸು ನೀನೊಬ್ಳೇ."

"ಅಮ್ಮ, ನೀವು ಇದಕ್ಕೇ ನನ್ನನ್ನ ಓದಿಸಿದ್ರಾ?"

"ಇಲ್ಲ. ಓದಿಸಿದ್ದು ನೀನು ಓದ್ಲಿ ಅಂತ. ಇದು ಆಮೇಲೆ ಹೊಳೀತು. ಬರಿ."

ಸಮಿತಿಯವರು ನನ್ನ ಅರ್ಜಿ ಒಪ್ಪಿದರು. ಎರಡು ತಿಂಗಳು ಅವರ ಪಕ್ಕದಲ್ಲಿ ನಿಂತು ಕೆಲಸ ಕಲಿತೆ. ಮೊದಲ ದಿನ ಅಳತೆಯ ಪಾತ್ರೆ ಕೈ ಜಾರಿ ಅರ್ಧ ಲೀಟರು ಹಾಲು ನೆಲದ ಪಾಲಾಯಿತು. ಅವರು ಬಗ್ಗಿ ಒರೆಸುತ್ತ, "ಬೆಕ್ಕು ಕಾಯ್ತಾ ಇತ್ತು ಬಿಡು" ಅಂದರು. ಬಿಡುಗಡೆಯಾದ ಮರುದಿನದ ಸಂಜೆಯೇ ತಮ್ಮ ಮನೆಯ ಕ್ಯಾನು ಹಿಡಿದು ಸಾಲಿನ ಕೊನೆಯಲ್ಲಿ ಬಂದು ನಿಂತರು. ಮುಂದೆ ಬನ್ನಿ ಎಂದು ಎಲ್ಲರೂ ಕರೆದರೂ ಬರಲಿಲ್ಲ. ತಮ್ಮ ಸರದಿ ಬಂದಾಗ, ಟೆಸ್ಟ್ ಮಾಡದೆ ಹಾಲು ಸುರಿಯಲು ಹೊರಟ ನನ್ನ ಕೈ ಹಿಡಿದು, "ಮೊದಲು ನೋಡು. ನನ್ನ ಹಸೂನೂ ನೆಂದಿರ್ಬಹುದು" ಅಂದರು.

ಎರಡು ವರ್ಷದ ಹಿಂದೆ ಅವರು ಮಗಳ ಮನೆಗೆ ಹೋದರು. ಮುಳಬಾಗಿಲಿನ ಆಚೆ, ಬೈರಕೂರಿನ ಹತ್ತಿರ, ಮಾವಿನ ತೋಟದ ನಡುವೆ ಮನೆ. ಹೋದ ಬೇಸಿಗೆಯಲ್ಲಿ, ಬೆಳಗಿನ ಹಾಲು ಲಾರಿಗೇರಿಸಿ, ಅವರನ್ನು ನೋಡಲು ಹೋದೆ. ತೋಟದಲ್ಲಿ ಕಾಯಿ ಕೀಳುತ್ತಿದ್ದರು. ಅವರು ಮರದ ಕೆಳಗೆ ಗೋಣಿಚೀಲದ ಮೇಲೆ ಕೂತು ಕಾಯಿ ಆರಿಸುತ್ತಿದ್ದರು. ಸ್ವಲ್ಪ ಇಳಿದಿದ್ದರು. ನನ್ನನ್ನು ಕಂಡು ಕೂಗಿ ಕರೆದು, ಕೆಲಸದವರಿಗೆಲ್ಲ "ನಮ್ಮೂರ ಡೈರಿ ಸೆಕ್ರೆಟರಿ" ಎಂದು ಪರಿಚಯ ಮಾಡಿಸಿದರು. ಊರಿನ ಒಂದೊಂದು ಮನೆಯ ಹಸುವಿನ ಆರೋಗ್ಯ ಕೇಳಿದರು.

ಊಟವಾದ ಮೇಲೆ ನಾವಿಬ್ಬರೇ ಇದ್ದಾಗ, ನಾನು ಮನಸ್ಸಿನಲ್ಲಿ ಎಷ್ಟೋ ದಿನದಿಂದ ಕಟ್ಟಿಟ್ಟುಕೊಂಡಿದ್ದ ಮಾತು ಶುರುಮಾಡಿದೆ. "ಅಮ್ಮ, ನೀವು ಅವತ್ತು ನನಗೆ ಮಾಡಿದ್ದು..." ಅನ್ನುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು.

"ಅದಿರ್ಲಿ. ನಂಗೊಂದು ಕೇಳ್ಬೇಕು. ನಗಬಾರ್ದು."

"ನಗಲ್ಲ, ಕೇಳಿ."

"ನಿನ್ನ ಪಕ್ಕದಲ್ಲಿ ಕೂತು ವರ್ಷ ಪೂರ್ತಿ ನಾನೂ ಕೇಳ್ದೆ. ಎಷ್ಟೋ ತಿಳೀತು. ಆ ಮೂರು ಮೂಲೆ ಲೆಕ್ಕ, ಒಂದರ ವರ್ಗ, ಇನ್ನೊಂದರ ವರ್ಗ ಅಂತ ಕೂಡ್ತಾನಲ್ಲ, ಅದು ಮಾತ್ರ ತಿಳೀಲಿಲ್ಲ. ನಿಂಗೆ ಒಂದೇ ಸಲಕ್ಕೆ ಬಂತು, ಅದಕ್ಕೇ ನಾನು ಹಿಂದಕ್ಕೆ ಓಡಿಸ್ಲಿಲ್ಲ."

ಒಂದು ವರ್ಷ ಅವರು ರಿಮೋಟ್ ಹಿಡಿದು ಕೂತದ್ದು ನನ್ನೊಬ್ಬಳಿಗಾಗಿ ಎಂದೇ ತಿಳಿದಿದ್ದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬ ಹುಡುಗಿಯೂ ನನ್ನ ಪಕ್ಕದಲ್ಲೇ ಕೂತಿದ್ದಳು ಎಂಬುದು ಹೊಳೆದಿರಲೇ ಇಲ್ಲ.

ಒಂದು ಮಾವಿನ ಕಡ್ಡಿ ಮುರಿದುಕೊಂಡು ಕೆಂಪು ಮಣ್ಣಿನ ಮೇಲೆ ತ್ರಿಭುಜ ಬರೆದೆ. ಕೆಳಗಿನ ಗೆರೆ ನಾಲ್ಕು ಗೇಣು, ನಿಂತ ಗೆರೆ ಮೂರು ಗೇಣು. "ಮೂರು ಮೂರ್ಲಿ ಒಂಬತ್ತು. ನಾಲ್ಕು ನಾಲ್ಕ್ಲಿ ಹದಿನಾರು. ಕೂಡಿದ್ರೆ?"

"ಇರವೈ ಐದು" ಅಂದರು, ತೆಲುಗಿನಲ್ಲಿ.

"ಈಗ ಈ ಓರೆ ಗೆರೆ ಅಳೀರಿ."

ಅವರು ಗೋಣಿಚೀಲದಿಂದ ಮುಂದಕ್ಕೆ ಸರಿದು, ಬಗ್ಗಿ, ಗೇಣು ಹಾಕುತ್ತ ಹೋದರು. ಐದು ಗೇಣಿಗೆ ಬೆರಳು ಮೂಲೆಗೆ ಮುಟ್ಟಿತು. ನಂಬಿಕೆಯಾಗದೆ ಇನ್ನೊಂದು ಸಲ ಗೇಣು ಹಾಕಿದರು.

"ಐದೈದ್ಲಿ ಇಪ್ಪತ್ತೈದು" ಎಂದು ಮೆಲ್ಲಗೆ ಅಂದವರು ಇದ್ದಕ್ಕಿದ್ದಂತೆ ತಲೆಯೆತ್ತಿದರು. "ಲೇ ಅಮ್ಮಾಯಿ! ಇದು ಕೊಟ್ಟಿಗೆಗೆ ಪಾಯ ಹಾಕ್ವಾಗ ಮೇಸ್ತ್ರಿ ದಾರ ಕಟ್ತಾನಲ್ಲ, ಮೂರಡಿ, ನಾಲ್ಕಡಿ, ಓರೆ ಐದಡಿ, ಮೂಲೆ ನೆಟ್ಟಗೈತಾ ಅಂತ ನೋಡೋಕೆ! ಅದೇ ಅಲ್ವಾ ಇದು? ಇಷ್ಟೇನಾ?"

"ಇಷ್ಟೇ ಅಮ್ಮ."

ಅವರು ಜೋರಾಗಿ ನಕ್ಕರು. ತೋಟದ ಆ ಕಡೆ ಕಾಯಿ ಕೀಳುತ್ತಿದ್ದವರು ಏನಾಯಿತೆಂದು ತಿರುಗಿ ನೋಡಿದರು. ಆಮೇಲೆ ಅವರು ನನ್ನ ಕೈಯಿಂದ ಕಡ್ಡಿ ಇಸಿದುಕೊಂಡು, ನನ್ನ ಗೆರೆಗಳನ್ನು ಅಂಗೈಯಿಂದ ಅಳಿಸಿ, ಮಣ್ಣು ಸಮ ಮಾಡಿ, "ತಡಿ, ಮುಟ್ಬೇಡ, ನಾನು ಬರೀತೀನಿ" ಅಂದರು.